ಏಳು ಗೋಲು ಬಿದ್ದವು, ಒಂದೂ ಲೆಕ್ಕಕ್ಕಿಲ್ಲ!

ದರೋಜಿ: "ಎಷ್ಟಕ್ಕೆ ಎಷ್ಟಾತ್ರೀ?" ಎಂದು ಕೇಳಿ ನೋಡಿ. ಒಬ್ಬ "ಎರಡಕ್ಕೆ ಎರಡು, ಸಮ" ಅನ್ನುತ್ತಾನೆ. ಇನ್ನೊಬ್ಬ "ನಾಲ್ಕಕ್ಕೆ ಮೂರು, ಸೋತ್ರು" ಅನ್ನುತ್ತಾನೆ. ಮೂರನೆಯವ ಎರಡನ್ನೂ ಕೂಡಿಸಿ "ಆರಕ್ಕೆ ಐದು" ಅನ್ನುತ್ತಾನೆ. ಮೂವರದೂ ಒಂದೇ ಪಂದ್ಯದ ಮಾತು. ಮೊದಲಿನಿಬ್ಬರು ಹೇಳಿದ್ದು ಸರಿ, ಕೂಡಿಸಿದವನದು ತಪ್ಪು.

ಪಂದ್ಯ ಯಾವುದು ಅಂತೀರಾ? 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಐ.ಎಸ್.ಎಲ್. ಫೈನಲ್. ಒಂದು ಕಡೆ ಬೆಂಗಳೂರು ಎಫ್.ಸಿ. ನಮ್ಮ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೇ ಕಟ್ಟಿದ ತಂಡ, ಪರವೂರಿನದೇನಲ್ಲ! ಎದುರಿಗೆ ಆಗಿನ ಎ.ಟಿ.ಕೆ. ಮೋಹನ್ ಬಗಾನ್. ಆಟ 2-2ಕ್ಕೆ ಸಮವಾಯಿತು. ಆ ನಾಲ್ಕು ಗೋಲಿನಲ್ಲಿ ಮೂರು ಪೆನಾಲ್ಟಿಯವು: ಬಗಾನಿನ ಪೆಟ್ರಾಟೋಸ್ ಎರಡು, ನಮ್ಮ ಸುನಿಲ್ ಛೆಟ್ರಿ ಒಂದು. ಇವು ಆಟದ ಒಳಗಿನ ಗೋಲು, ಆಟಗಾರನ ಖಾತೆಗೆ ಸಲೀಸಾಗಿ ಜಮಾ. ಆಮೇಲೆ ಶೂಟೌಟ್. ಬಗಾನ್ 4, ಬೆಂಗಳೂರು 3. ಕಪ್ಪು ಕೈತಪ್ಪಿತು. ಆದರೆ ಈ ಏಳು ಗೋಲು ಯಾರ ಖಾತೆಗೂ ಹೋಗಲಿಲ್ಲ.

ಇದರಲ್ಲಿ ಪೆಟ್ರಾಟೋಸ್‌ಗೆ ಬಿದ್ದ ಪೆಟ್ಟು ನೋಡಿ. ಆ ವರ್ಷ ಆತ, ಡಿಯಾಗೊ ಮೌರಿಸಿಯೊ, ಕ್ಲೈಟನ್ ಸಿಲ್ವ ಮೂವರದೂ 12-12 ಗೋಲು. ಶೂಟೌಟಿನಲ್ಲೂ ಆತ ಚೆಂಡು ಬಲೆಗೆ ಹಾಕಿದ್ದ. ಅದನ್ನು ಹಿಡಿದಿದ್ದರೆ 13 ಆಗಿ ಒಬ್ಬನೇ ಮುಂದಿರುತ್ತಿದ್ದ. ಹಿಡಿಯಲಿಲ್ಲ. ಚಿನ್ನದ ಬೂಟು ಮೌರಿಸಿಯೊ ಪಾಲಾಯಿತು.

ಅನ್ಯಾಯವೇ? ನಮಗೇನೋ ಹಾಗನ್ನಿಸುವುದಿಲ್ಲ. ಶೂಟೌಟ್ ಬಂದದ್ದೇ 1970ರಲ್ಲಿ, ನಾಣ್ಯ ಚಿಮ್ಮುವುದರ ಬದಲಿಗೆ. 1968ರ ಯುರೋಪಿನ ಕಪ್ಪಿನಲ್ಲಿ ಇಟಲಿ ಸೋವಿಯೆತ್ ತಂಡವನ್ನು ದಾಟಿ ಫೈನಲ್ಲಿಗೆ ಹೋದದ್ದು ಬರೀ ನಾಣ್ಯದ ದಯೆಯಿಂದ! ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ವ್ಯಾಪಾರ ಬೇರೆ, ಚೀಟಿ ಎತ್ತುವುದು ಬೇರೆ. ಶೂಟೌಟಿನಲ್ಲಿ ಗೋಲಿ ತಡೆದ ಚೆಂಡನ್ನು ಮತ್ತೆ ಒದೆಯುವ ಹಾಗೂ ಇಲ್ಲ. ಕಪ್ಪು ಯಾರಿಗೆ ಅನ್ನುವುದಷ್ಟೇ ಅದರ ಕೆಲಸ. ದಾಖಲೆ ಪುಸ್ತಕದಲ್ಲಿ ಆ ಪಂದ್ಯ ಇವತ್ತಿಗೂ "ಸಮ".

ಅದೇ ವರ್ಷ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಭಾರತ ಕುವೈತನ್ನು ಮಣಿಸಿ ಸ್ಯಾಫ್ ಕಪ್ಪು ಗೆದ್ದದ್ದೂ ಹೀಗೇ. ಆಟ 1-1, ಶೂಟೌಟ್ 5-4. ಸೆಮಿಫೈನಲ್, ಫೈನಲ್ ಎರಡರ ಶೂಟೌಟಿನಲ್ಲೂ ಛೆಟ್ರಿ ಗೋಲು ಹೊಡೆದ. ಪಟ್ಟಿಯಲ್ಲಿ ಮಾತ್ರ 5, ಏಳಲ್ಲ. ಹಾಕಿಯಲ್ಲೂ ಅದೇ ಕಾನೂನು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರಿಟನ್ ಮೇಲೆ ನಮ್ಮವರು ಗೆದ್ದದ್ದು ಶೂಟೌಟಿನಲ್ಲಿ 4-2. ಆಟದ ಲೆಕ್ಕ 1-1.

ಇದು ದೊಡ್ಡವರ ಆಟದ ಮಾತಷ್ಟೇ ಅಲ್ಲ. ಹಳ್ಳಿ ಮೈದಾನದಲ್ಲೂ "ಹೆಚ್ಚು ಗೋಲು ಹೊಡೆದವನಿಗೆ ಇಷ್ಟು ರೂಪಾಯಿ" ಅಂತ ಬೋರ್ಡು ಹಾಕುತ್ತಾರಲ್ಲ, ಅಲ್ಲೇ ಕೆಳಗೆ "ಶೂಟೌಟ್ ಗೋಲು ಹಿಡಿಯುವುದಿಲ್ಲ" ಅಂತ ಒಂದು ಸಾಲು ಬರೆಸಿಬಿಡಿ. ಸ್ಕೋರು ಬರೆಯುವ ಹುಡುಗನಿಗೂ ಹೇಳಿ: ಎರಡು ಲೆಕ್ಕ, ಎರಡು ಕಡೆ.