ಜೀವಲಕ್ಷಣಗಳ ಸಂಕೇತಸಂಖ್ಯೆಗಳು

ರೋಗಿಯ ಪತ್ರದಲ್ಲಿ 98 ಎಂಬ ಅಂಕೆಯೊಂದನ್ನೇ ಬರೆದಿದ್ದರೆ ಅದರಿಂದ ಏನನ್ನು ಗ್ರಹಿಸತಕ್ಕದ್ದು? ಫ್ಯಾರನ್‌ಹೀಟ್ ಮಾನದಲ್ಲಿ ಅದು ಸ್ವಸ್ಥನ ದೇಹೋಷ್ಣತೆ. ನಿಮಿಷದ ಲೆಕ್ಕದಲ್ಲಿ ತುಸು ತ್ವರಿತವಾದ ಹೃದಯಗತಿ. ಶೇಕಡಾವಾರಿನಲ್ಲಿ ರಕ್ತದ ಆಮ್ಲಜನಕ ಸಂತೃಪ್ತತೆ. ರೋಗಿಯನ್ನು ಎದುರಿಗೆ ಕಾಣುತ್ತಿರುವ ವೈದ್ಯನಿಗೆ ಈ ಸಂದೇಹವು ಬಾರದು. ಆದರೆ ಒಂದು ಆಸ್ಪತ್ರೆಯ ಗಣಕಯಂತ್ರವು ಮತ್ತೊಂದು ಆಸ್ಪತ್ರೆಯ ಯಂತ್ರಕ್ಕೆ ಆ ಅಂಕೆಯನ್ನು ಕಳುಹಿಸುವಲ್ಲಿ ಸಂದರ್ಭವು ಹಿಂದೆಯೇ ಉಳಿದುಬಿಡುವುದು.

ಉಷ್ಣತೆ, ಹೃದಯಗತಿ, ಉಸಿರಾಟ, ರಕ್ತದೊತ್ತಡ ಮೊದಲಾದುವನ್ನು ಜೀವಲಕ್ಷಣಗಳೆನ್ನುವರು. ಇವುಗಳ ಹೆಸರಿನಲ್ಲಿ ಕೋಶಕಾರರಿಗೆ ಚಿರಪರಿಚಿತವಾದ ಎರಡು ತೊಡಕುಗಳುಂಟು. ಒಬ್ಬರು ‘ಹೃದಯಗತಿ’ಯೆಂದೂ ಇನ್ನೊಬ್ಬರು ‘ಎಚ್.ಆರ್.’ ಎಂದೂ ಬರೆಯುವುದು ಪರ್ಯಾಯದ ತೊಡಕು. ‘ಪಿ.ಆರ್.’ ಎಂಬುದು ಒಂದೆಡೆ ನಾಡಿಯ ಗತಿಯಾಗಿ, ಹೃದಯದ ವಿದ್ಯುಲ್ಲೇಖದಲ್ಲಿ ಒಂದು ಕಾಲಾಂತರವಾಗುವುದು ನಾನಾರ್ಥದ ತೊಡಕು. ಅಮರಸಿಂಹನು ನಾನಾರ್ಥಪದಗಳಿಗೆಂದೇ ಒಂದು ವರ್ಗವನ್ನು ಮೀಸಲಿಟ್ಟನು. ಪ್ರಕರಣವನ್ನು ನೋಡಿ ಅರ್ಥವನ್ನು ಆರಿಸಿಕೊಳ್ಳುವ ಕೆಲಸವನ್ನು ಓದುಗನಿಗೆ ಬಿಟ್ಟನು. ಯಂತ್ರಕ್ಕೆ ಹಾಗೆ ಬಿಡಲಾಗದು.

ಈ ತೊಡಕನ್ನು ನೀಗಲು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ರೀಜನ್‌ಸ್ಟ್ರೀಫ್ ಸಂಸ್ಥೆಯಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 1994ರಲ್ಲಿ ‘ಲಾಯಿಂಕ್’ ಎಂಬ ಸಂಕೇತಕೋಶವನ್ನು ಆರಂಭಿಸಿದರು. ಮೊದಲು ಪ್ರಯೋಗಶಾಲೆಯ ಪರೀಕ್ಷೆಗಳಿಗೆಂದು ಹುಟ್ಟಿದ ಇದು ಮುಂದೆ ರೋಗಿಯ ಬಳಿಯ ಅಳತೆಗಳಿಗೂ ವ್ಯಾಪಿಸಿತು. ಇದರಲ್ಲಿ ಹೃದಯಗತಿಗೆ 8867-4, ದೇಹೋಷ್ಣತೆಗೆ 8310-5, ಉಸಿರಾಟದ ಗತಿಗೆ 9279-1 ಎಂಬ ಸಂಖ್ಯೆಗಳು ಸಲ್ಲುವುವು. ಕೊನೆಯ ಅಂಕೆಯು ಮಿಕ್ಕವುಗಳಿಂದ ಗಣಿಸಿ ಬಂದುದು. ಬೆರಳಚ್ಚಿನಲ್ಲಿ ಒಂದಂಕೆ ತಪ್ಪಿದರೆ ಅದು ಹೊರಬೀಳುವುದು. ಸಂಖ್ಯೆಗೆ ಸ್ವತಃ ಅರ್ಥವಿಲ್ಲ. ಅದು ಯಾವ ಭಾಷೆಗೂ ಸೇರದು. ಆದಕಾರಣ ಪರದೆಯ ಮೇಲೆ ಹೆಸರನ್ನು ಕನ್ನಡದಲ್ಲಿ ತೋರಿಸಿದರೂ ಇಂಗ್ಲಿಷಿನಲ್ಲಿ ತೋರಿಸಿದರೂ ಸಂಖ್ಯೆಯು ಬದಲಾಗದು.

‘120/80’ ಎಂಬ ಬರಹವನ್ನು ನೋಡಬಹುದು. ಮನುಷ್ಯನಿಗೆ ಅದು ಸುಲಭ. ಯಂತ್ರಕ್ಕೆ ಬರಿಯ ಅಕ್ಷರಸರಣಿ. ಆದುದರಿಂದ ರಕ್ತದೊತ್ತಡವೆಂಬ ಸಮೂಹಕ್ಕೆ 85354-9ನ್ನಿಟ್ಟು, ಅದರೊಳಗೆ ಸಂಕೋಚನದ ಒತ್ತಡವನ್ನು 8480-6 ಎಂದೂ ವಿಕಾಸದ ಒತ್ತಡವನ್ನು 8462-4 ಎಂದೂ ಬೇರೆಬೇರೆಯಾಗಿ ಕಳುಹಿಸುವರು. ಆಮ್ಲಜನಕದ ವಿಚಾರವು ಇನ್ನೂ ಸ್ವಾರಸ್ಯವಾದುದು. ಎಚ್.ಎಲ್. ಸೆವೆನ್ ಸಂಸ್ಥೆಯ ‘ಫೈರ್’ ಎಂಬ ವಿನಿಮಯಕ್ರಮದಲ್ಲಿ ಸಂತೃಪ್ತತೆಗೆ 2708-6 ಎಂಬ ಸಾಮಾನ್ಯ ಸಂಕೇತವಿರಲೇಬೇಕು. ಬೆರಳಿಗೆ ಸಿಕ್ಕಿಸುವ ಉಪಕರಣದಿಂದ ಅಳೆದಿದ್ದರೆ 59408-5 ಎಂಬ ವಿಶೇಷ ಸಂಕೇತವನ್ನೂ ಜತೆಗಿಡಬಹುದು. ಸಾಮಾನ್ಯವನ್ನು ಮಾತ್ರ ಬಲ್ಲ ಯಂತ್ರಕ್ಕೂ ವಿಶೇಷವನ್ನು ಅರಸುವ ಯಂತ್ರಕ್ಕೂ ಒಂದೇ ಲೇಖದಿಂದ ಕಾರ್ಯಸಿದ್ಧಿ. ಈ ಏರ್ಪಾಡಿನಲ್ಲಿ ಇದಕ್ಕಿಂತ ಜಾಣತನದ ಅಂಶವು ಮತ್ತೊಂದಿಲ್ಲ.

ಸಂಕೇತವು ತಿಳಿಸುವುದು ಏನನ್ನು ಅಳೆದರೆಂಬುದನ್ನು ಮಾತ್ರ. ಮಾನವನ್ನು ಬೇರೆಯಾಗಿ ಹೇಳಬೇಕು. ದೇಹದ ತೂಕದ ಸಂಕೇತ 29463-7 ಸರಿಯಾಗಿದ್ದರೂ, 44 ಪೌಂಡು, ಎಂದರೆ ಸುಮಾರು 20 ಕಿಲೋಗ್ರಾಂ ತೂಗುವ ಮಗುವನ್ನು 44 ಕಿಲೋಗ್ರಾಮೆಂದು ಓದಿದರೆ, ತೂಕಕ್ಕೆ ತಕ್ಕಂತೆ ಕೊಡುವ ಔಷಧವು ಎರಡು ಪಟ್ಟಿಗೂ ಮೀರುವುದು. ಆದುದರಿಂದಲೇ ‘ಫೈರ್’ ಕ್ರಮವು ಮಾನಗಳಿಗೂ ನಿಯತವಾದ ಸಂಜ್ಞೆಗಳನ್ನು ವಿಧಿಸಿ, ಅಳೆದ ಕಾಲವನ್ನೂ ಕೇಳುವುದು.

ಭಾರತ ಸರ್ಕಾರದ ಆರೋಗ್ಯ ಇಲಾಖೆಯು 2016ರಲ್ಲಿ ಪರಿಷ್ಕರಿಸಿದ ವೈದ್ಯಲೇಖಗಳ ನಿಯಮಾವಳಿಯಲ್ಲಿ ಲಾಯಿಂಕ್ ಕೋಶವನ್ನು ಅಂಗೀಕರಿಸಿದೆ. ಆದರೆ ಆಯಾ ಆಸ್ಪತ್ರೆಯ ರೂಢಿಯ ಹೆಸರುಗಳನ್ನು ಈ ಸಂಖ್ಯೆಗಳಿಗೆ ಹೊಂದಿಸುವವರು ಮನುಷ್ಯರೇ. ಅಲ್ಲಿ ಎಡವಿದರೆ ಸುಳ್ಳಿಗೂ ಪ್ರಮಾಣಮುದ್ರೆಯು ಬಿದ್ದಂತಾಗುವುದು. ಅಳೆಯುವ ಪಟ್ಟಿಯು ತೋಳಿಗೆ ಕಿರಿದಾಗಿದ್ದರೆ ರಕ್ತದೊತ್ತಡವು ನಿಜಕ್ಕಿಂತ ಹೆಚ್ಚಾಗಿ ತೋರುವುದಷ್ಟೆ. ಆ ತಪ್ಪು ಅಂಕೆಯೂ 8480-6 ಎಂಬ ಸಂಕೇತವನ್ನೇ ಧರಿಸಿ ಮುಂದಿನ ಆಸ್ಪತ್ರೆಯನ್ನು ಸೇರುವುದು.