ದುಬೈ ಅಂಗಡಿ: ಬೀಗದ ಕೈ ಸಿಕ್ಕರೆ ಸಾಲದು

ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಮಂದಿಗೆ ದುಬೈಯಲ್ಲಿ ಸಣ್ಣದೊಂದು ಅಂಗಡಿ ಮಾಡುವ ಆಸೆ. ಮೊದಲೆಲ್ಲ ಪೇಟೆಯಲ್ಲಿ ಕಂಪೆನಿ ಮಾಡಿದರೆ ನೂರಕ್ಕೆ 51 ಪಾಲು ಅಲ್ಲಿನ ಪ್ರಜೆಯ ಹೆಸರಿಗೇ ಹೋಗಬೇಕಿತ್ತು. ದುಡ್ಡು, ದುಡಿಮೆ ನಮ್ಮವರದು. ಮನಸ್ತಾಪ ಬಂತೋ, ಕಾಗದದಲ್ಲಿದ್ದವನದೇ ಮೇಲುಗೈ! 2021ರ ಜೂನ್‌ನಿಂದ ಬಹುತೇಕ ವ್ಯಾಪಾರಗಳಿಗೆ ಆ ಕಟ್ಟಿಲ್ಲ, ಪೂರ್ತಿ ಪಾಲು ಪರದೇಶಿಯದೇ ಆಗಬಹುದು.

ಹಾಗಂತ ಬೀಗದ ಕೈ ಈಸಿಕೊಂಡು ಗಲ್ಲೆಗೆ ಕೂತರೆ ಆಯಿತೆ? ಲೈಸೆನ್ಸು, ಬಾಡಿಗೆ ಕರಾರು ಎರಡೂ ಹೆಸರಿಗೆ ಆಗಬೇಕು. ಹಳೇ ಸಾಲ, ದಂಡ, ಕೆಲಸದವರ ಸಂಬಳದ ಬಾಕಿ ಯಾರ ತಲೆಗೆ ಎಂಬುದು ಬರಹದಲ್ಲಿರಬೇಕು. ಇಲ್ಲಿಂದ ದುಡ್ಡು ಕಳಿಸುವವರಿಗೂ ಮಿತಿ ಉಂಟು: ಹಣಕಾಸು ವರ್ಷಕ್ಕೆ ತಲಾ 2,50,000 ಡಾಲರ್, ಅದೂ ಬ್ಯಾಂಕಿನ ಮೂಲಕವೇ. ಮನೆಯ ಬಂಗಾರ ಅಡವಿಡುವ ಮುಂಚೆ ಅಲ್ಲಿನ ವಕೀಲರೊಬ್ಬರಿಗೆ ಕಾಗದ ತೋರಿಸುವುದು ಮೇಲು.