ಕೋವಿಯ ಸದ್ದು ಮತ್ತು ಕಿವಿಯ ರಕ್ಷಣೆ

ಕಿವಿಯನ್ನು ಕೆಡಿಸುವ ಸದ್ದುಗಳಲ್ಲಿ ಬಂದೂಕಿನ ಸದ್ದಿಗೆ ಒಂದು ವಿಶೇಷವಿದೆ. ಗಿರಣಿಯ ಸದ್ದು, ವಿದ್ಯುತ್ ಮಗ್ಗದ ಸದ್ದು, ಧ್ವನಿವರ್ಧಕದ ಸದ್ದು ಇವೆಲ್ಲ ವರ್ಷಗಟ್ಟಲೆ ಕಿವಿಯನ್ನು ಸವೆಸುತ್ತವೆ. ಬಂದೂಕು ಹಾಗಲ್ಲ; ಅದು ಒಂದೇ ಈಡಿನಲ್ಲಿ ಶಾಶ್ವತ ಹಾನಿಯನ್ನು ಮಾಡಿ ಮುಗಿಸಬಲ್ಲುದು. ಶ್ರೀಮಠದ ಭಕ್ತವೃಂದದಲ್ಲಿ ಸೇನೆಯಿಂದ ನಿವೃತ್ತರಾದವರೂ ಪೊಲೀಸ್ ಇಲಾಖೆಯಲ್ಲಿ ಇರುವವರೂ ಇದ್ದಾರೆ. ಸೋಮವಾರಪೇಟೆ, ಶನಿವಾರಸಂತೆ, ಸಕಲೇಶಪುರಗಳ ಕಡೆ ಬೆಳೆರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಬೆಳೆಗಾರರಿದ್ದಾರೆ. ಎನ್‌ಸಿಸಿ ಶಿಬಿರಗಳಲ್ಲಿ ಗುರಿ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿದ್ದಾರೆ. ಇವರೆಲ್ಲರಿಗೂ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಕೋವಿ ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ಬೇರೆ. ಇಲ್ಲಿ ನಮಗೆ ಕಿವಿಯದಷ್ಟೇ ಚಿಂತೆ.

ಸದ್ದನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಮನೆಯೊಳಗಿನ ಸಾಮಾನ್ಯ ಮಾತುಕತೆ ಸುಮಾರು ೬೦ ಡೆಸಿಬಲ್ ಇರುತ್ತದೆ. ವಿದ್ಯಾರ್ಥಿಗಳು ಬಳಸುವ ಪಾಯಿಂಟ್ ಟೂ ಟೂ ರೈಫಲ್ಲಿನ ಸದ್ದು ೧೪೦ರ ಆಸುಪಾಸು. ಹನ್ನೆರಡು ಬೋರಿನ ತೋಟಾ ಕೋವಿ ೧೫೦ನ್ನು ದಾಟುತ್ತದೆ. ಸೇನೆಯ ಮತ್ತು ಬೇಟೆಯ ದೊಡ್ಡ ರೈಫಲ್ಲುಗಳು ೧೬೦ನ್ನೂ ಮೀರುವುದುಂಟು. ೧೪೦ಕ್ಕೂ ೧೬೦ಕ್ಕೂ ಇರುವ ಅಂತರ ಕೇವಲ ೨೦ ಎಂದು ಎಣಿಸಬಾರದು. ಡೆಸಿಬಲ್ಲಿನ ಲೆಕ್ಕ ಏಣಿಯ ಮೆಟ್ಟಿಲಿನಂತೆ ಸಮವಾಗಿ ಏರುವುದಿಲ್ಲ. ಪ್ರತಿ ೨೦ ಡೆಸಿಬಲ್ಲಿಗೆ ಕಿವಿಯ ಮೇಲೆ ಬೀಳುವ ಒತ್ತಡ ಹತ್ತು ಪಟ್ಟಾಗುತ್ತದೆ. ಇಂತಹ ಕ್ಷಣಿಕ ಸ್ಫೋಟದ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ೧೪೦, ಮಕ್ಕಳಿಗೆ ೧೨೦ ಡೆಸಿಬಲ್ ಮಿತಿಯನ್ನು ಸೂಚಿಸಿದೆ. ಹೀಗಾಗಿ ಚಿಕ್ಕ ರೈಫಲ್ಲೂ ಮಕ್ಕಳ ಪಾಲಿಗೆ ಚಿಕ್ಕದಲ್ಲ.

ಕಣ್ಣಿಗೆ ರೆಪ್ಪೆಯಿರುವಂತೆ ಕಿವಿಗೂ ಪ್ರಕೃತಿಯು ಒಂದು ಕಾವಲನ್ನು ಕೊಟ್ಟಿದೆ. ದೊಡ್ಡ ಸದ್ದು ಬಿದ್ದಾಗ ನಡುಗಿವಿಯ ಪುಟ್ಟ ಸ್ನಾಯು ಬಿಗಿಯಾಗಿ, ಒಳಕ್ಕೆ ಹೋಗುವ ಕಂಪನವನ್ನು ತಗ್ಗಿಸುತ್ತದೆ. ಆದರೆ ಗುಂಡಿನ ಸದ್ದು ಸೆಕೆಂಡಿನ ಕೆಲವೇ ಸಾವಿರದ ಅಂಶಗಳಲ್ಲಿ ಮುಗಿದುಹೋಗುತ್ತದೆ. ಸ್ನಾಯು ಬಿಗಿಯಾಗುವ ಹೊತ್ತಿಗೆ ಪೆಟ್ಟು ಒಳಗಿವಿಗೆ ತಲುಪಿಯಾಗಿರುತ್ತದೆ. ಒಳಗಿವಿಯ ಶಂಖದಲ್ಲಿ ಸುಮಾರು ೧೫,೦೦೦ ರೋಮಕೋಶಗಳಿರುತ್ತವೆ. ಕಂಪನವನ್ನು ನರಕ್ಕೆ ತಿಳಿಸುವ ಈ ಕೋಶಗಳು ಹುಟ್ಟಿನೊಂದಿಗೆ ಬಂದಷ್ಟೇ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವವು ತೀಕ್ಷ್ಣ ಸ್ವರಗಳನ್ನು ಗ್ರಹಿಸುವ ಕೋಶಗಳು. ಆದ್ದರಿಂದಲೇ ಇಂತಹ ಕಿವುಡು ಬಹುಕಾಲ ಗೊತ್ತಾಗದೆ ಉಳಿಯುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, 'ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ' ಎಂಬ ಸ್ಥಿತಿ ಬರುತ್ತದೆ. ಮನೆಯವರು ಇದನ್ನು ಅಲಕ್ಷ್ಯವೆಂದು ತಿಳಿದು ಬೇಸರಿಸುವುದೂ ಉಂಟು. ಇದರ ಜೊತೆಗೆ ರಾತ್ರಿಯ ನಿಶ್ಶಬ್ದದಲ್ಲಿ ಜೀರುಂಡೆಯಂತೆ ಎಡೆಬಿಡದೆ ಮೊಳಗುವ ಕಿವಿಮೊರೆತ ಸೇರಿದರೆ ನಿದ್ದೆಯೂ ಕೆಡುತ್ತದೆ.

ಬಲಹೆಗಲಿಗೆ ಕೋವಿ ಆನಿಸುವವರಲ್ಲಿ ಎಡಗಿವಿ ಹೆಚ್ಚು ಕೆಡುತ್ತದೆ. ಗುರಿಯಿಡುವಾಗ ತಲೆ ವಾಲಿ ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ, ಬಲಗಿವಿ ತಲೆಯ ಮರೆಯಲ್ಲಿ ಉಳಿಯುತ್ತದೆ. ಹಳೆಯ ಸೈನಿಕರಲ್ಲಿ ಕೆಲವರು ಫೋನನ್ನು ಸದಾ ಬಲಗಿವಿಗೇ ಹಿಡಿಯುವುದನ್ನು ನಾವು ಕಂಡಿದ್ದೇವೆ.

ಇನ್ನು ರಕ್ಷಣೆಯ ಸಾಧನಗಳ ಮಾತು. ಹತ್ತಿಯನ್ನು ಉಂಡೆಮಾಡಿ ಕಿವಿಗೆ ತುರುಕುವ ರೂಢಿ ಎಲ್ಲೆಡೆ ಇದೆ. ಅದು ಗಾಳಿಯನ್ನು ತಡೆದೀತೇ ಹೊರತು ಗುಂಡಿನ ಸದ್ದನ್ನಲ್ಲ. ಬೆರಳಿನಿಂದ ಒಂದು ಕಿವಿಯನ್ನು ಮುಚ್ಚುವುದು, ಹಾಡು ಕೇಳುವ ಇಯರ್‌ಫೋನನ್ನು ಸಿಕ್ಕಿಸಿಕೊಳ್ಳುವುದು, ಶ್ರವಣಯಂತ್ರವನ್ನು ಬಂದ್ ಮಾಡಿ ಕಿವಿಯಲ್ಲೇ ಬಿಡುವುದು ಇವುಗಳನ್ನೂ ನೆಚ್ಚಬಾರದು. ನಿಜವಾದ ಸಾಧನಗಳು ಎರಡು ಬಗೆಯವು. ಕಿವಿಯ ನಾಳದೊಳಗೆ ಕೂರುವ ಇಯರ್ ಪ್ಲಗ್ ಒಂದು, ಇಡೀ ಕಿವಿಯನ್ನು ಬಟ್ಟಲಿನಂತೆ ಮುಚ್ಚುವ ಇಯರ್ ಮಫ್ ಇನ್ನೊಂದು.

ಇವುಗಳ ಪೊಟ್ಟಣದ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಎಂಬ ಅಂಕಿ ಇರುತ್ತದೆ. ಮೊದಲನೆಯದು ಅಮೆರಿಕದ ಕ್ರಮ, ಎರಡನೆಯದು ಯೂರೋಪಿನದು. ಒಂದರ ಅಂಕಿಯನ್ನು ಇನ್ನೊಂದರೊಡನೆ ಹೋಲಿಸಬಾರದು. ಸದ್ದು ಎಷ್ಟು ತಗ್ಗುತ್ತದೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಸ್ಪಂಜಿನ ಪ್ಲಗ್ಗಿನಲ್ಲಿ ಎನ್‌ಆರ್‌ಆರ್ ೩೩ರವರೆಗೂ ಇರುತ್ತದೆ, ಮಫ್‌ಗಳಲ್ಲಿ ಸಾಮಾನ್ಯವಾಗಿ ೨೨ರಿಂದ ೩೦. ಆದರೆ ಇದು ಪ್ರಯೋಗಶಾಲೆಯಲ್ಲಿ, ತಜ್ಞರ ಸಮಕ್ಷಮದಲ್ಲಿ, ಸರಿಯಾಗಿ ತೊಡಿಸಿ ಅಳೆದ ಅಂಕಿ. ಅದೂ ಗುಂಡಿನ ಸದ್ದಿಗಲ್ಲ, ಎಡೆಬಿಡದ ಸದ್ದಿಗೆ ಅಳೆದದ್ದು. ತೋಟದಲ್ಲಿ, ಮೈದಾನದಲ್ಲಿ ಅದರ ಅರ್ಧ ಸಿಕ್ಕಿತೆಂದು ಹಿಡಿಯುವುದು ಕ್ಷೇಮ. ಹಾಗೆ ಸ್ಥೂಲವಾಗಿ ಲೆಕ್ಕ ಹಾಕಿದರೆ, ೧೬೦ ಡೆಸಿಬಲ್ಲಿನ ರೈಫಲ್ಲಿಗೆ ೩೩ರ ಪ್ಲಗ್ ತೊಟ್ಟರೂ ಕಿವಿಗೆ ೧೪೪ರಷ್ಟು ಬೀಳುತ್ತದೆ, ಅಂದರೆ ಮಿತಿಗಿಂತ ಹೆಚ್ಚು. ಆದುದರಿಂದ ದೊಡ್ಡ ರೈಫಲ್ಲಿಗೆ ಒಳಗೆ ಪ್ಲಗ್, ಮೇಲೆ ಮಫ್, ಎರಡನ್ನೂ ತೊಡಬೇಕೆಂಬುದು ತಜ್ಞರ ಸಲಹೆ. ಎರಡನ್ನೂ ತೊಟ್ಟಾಗ ಅಂಕಿಗಳು ಕೂಡುವುದಿಲ್ಲ. ಹೆಚ್ಚಿನ ಅಂಕಿಗೆ ಸುಮಾರು ೫ ಡೆಸಿಬಲ್ ಸೇರುತ್ತದೆ ಅಷ್ಟೆ. ಆ ಐದೇ ಇಲ್ಲಿ ಮಿತಿಯೊಳಗೆ ತರುವುದು. ಚಾವಣಿಯ ಕೆಳಗೆ, ಗೋಡೆಗಳ ನಡುವೆ ಅಭ್ಯಾಸ ಮಾಡುವವರಿಗೆ ಸದ್ದು ಮರಳಿ ಬಂದು ಬಡಿಯುವುದರಿಂದ ಅವರು ಚಿಕ್ಕ ರೈಫಲ್ಲಿಗೂ ಎರಡನ್ನೂ ತೊಡುವುದು ಒಳ್ಳೆಯದು.

ಅಂಕಿಗಿಂತ ಮುಖ್ಯವಾದುದು ತೊಡುವ ಕ್ರಮ. ಕಡಮೆ ಬೆಲೆಯ ಸ್ಪಂಜಿನ ಪ್ಲಗ್ಗನ್ನು ಸರಿಯಾಗಿ ತೊಟ್ಟವನು, ದುಬಾರಿ ಮಫ್ಫನ್ನು ಓರೆಯಾಗಿ ತೊಟ್ಟವನಿಗಿಂತ ಸುರಕ್ಷಿತ. ಶುದ್ಧವಾದ ಕೈಯಿಂದ ಪ್ಲಗ್ಗನ್ನು ದೀಪದ ಬತ್ತಿ ಹೊಸೆಯುವಂತೆ ಸುಕ್ಕಿಲ್ಲದೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೇರವಾಗುತ್ತದೆ. ಆಗ ಪ್ಲಗ್ಗನ್ನು ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ, ಅಂದರೆ ಅರ್ಧ ನಿಮಿಷದವರೆಗೆ, ಬೆರಳಿನಿಂದ ಒತ್ತಿ ಹಿಡಿಯಬೇಕು. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ಗಿನ ತುದಿ ಹೊರಗೆ ಚಾಚಿಕೊಂಡು ಕಂಡರೆ ಅದು ಒಳಹೋಗಿಲ್ಲವೆಂದೇ ಅರ್ಥ. ಗಟ್ಟಿಯಾಗಿ ಮಾತನಾಡಿ ನೋಡುವುದೂ ಒಂದು ಪರೀಕ್ಷೆ. ಎರಡೂ ಕಿವಿ ಸರಿಯಾಗಿ ಮುಚ್ಚಿದ್ದರೆ ತನ್ನ ದನಿ ತಲೆಯೊಳಗೇ ಮೊಳಗಿದಂತೆ ಕೇಳುತ್ತದೆ.

ಮಫ್‌ನ ಶತ್ರು ಸಂದು. ಕನ್ನಡಕದ ದಪ್ಪ ಕಡ್ಡಿ, ತಲೆಗೆ ಸುತ್ತಿದ ವಸ್ತ್ರ, ದಟ್ಟ ಕೂದಲು ಇವು ಮೆತ್ತೆಯ ಕೆಳಗೆ ಸಂದು ಮಾಡುತ್ತವೆ, ಸದ್ದು ಅಲ್ಲಿಂದ ನುಗ್ಗುತ್ತದೆ. ರೈಫಲ್ಲಿನವರಿಗೆ ಇನ್ನೊಂದು ತೊಡಕೂ ಇದೆ: ಕೆನ್ನೆಯನ್ನು ಮರದ ಹಿಡಿಗೆ ಆನಿಸಿದಾಗ ದಪ್ಪ ಬಟ್ಟಲು ಅದಕ್ಕೆ ತಗುಲಿ, ಗುಂಡು ಹಾರುವ ಕ್ಷಣದಲ್ಲೇ ಸರಿದುಹೋಗುತ್ತದೆ. ಕೊಳ್ಳುವಾಗ ಬಟ್ಟಲಿನ ಕೆಳಭಾಗ ತೆಳ್ಳಗಿರುವುದನ್ನು ಆರಿಸಿ, ಗುರಿಯಿಡುವ ಭಂಗಿಯಲ್ಲೇ ತೊಟ್ಟು ನೋಡಬೇಕು. ಬೆವರಿನಿಂದ ಮೆತ್ತೆ ಗಡುಸಾಗಿ ಬಿರಿದರೆ ಅದನ್ನು ಬದಲಿಸತಕ್ಕದ್ದು.

ಬೆಳೆಗಾರರಿಂದ ನಾವು ಕೇಳುವ ಆಕ್ಷೇಪ ಒಂದಿದೆ, ಅದು ನ್ಯಾಯವಾದುದೂ ಹೌದು. 'ಕತ್ತಲಲ್ಲಿ ತೋಟ ಕಾಯುವಾಗ ಆನೆ ಕೊಂಬೆ ಮುರಿಯುವ ಸದ್ದು, ಹಂದಿ ನೆಲ ಕೆದಕುವ ಸದ್ದು ಕೇಳಿಸಬೇಕು. ಕಿವಿ ಮುಚ್ಚಿಕೊಂಡರೆ ಜೀವಕ್ಕೇ ಅಪಾಯವಲ್ಲವೇ?' ಇಂಥವರಿಗೆಂದೇ ಎಲೆಕ್ಟ್ರಾನಿಕ್ ಮಫ್ ಇದೆ. ಅದರ ಹೊರಮೈಯಲ್ಲಿರುವ ಮೈಕು ಹೊರಗಿನ ಮೆಲುದನಿಯನ್ನು ಹಿಡಿದು ಒಳಗಿನ ಸ್ಪೀಕರಿಗೆ ಕೊಡುತ್ತದೆ. ಬೇಕಾದರೆ ದನಿಯನ್ನು ಹೆಚ್ಚಿಸಿಕೊಳ್ಳಲೂಬಹುದು. ಗುಂಡಿನ ಸದ್ದು ಬಂದೊಡನೆ ಸ್ಪೀಕರ್ ತನ್ನ ದನಿಯನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ, ಬಟ್ಟಲು ತನ್ನ ಕೆಲಸ ಮಾಡುತ್ತದೆ. ಬ್ಯಾಟರಿ ಮುಗಿದರೂ ಅದು ಸಾಮಾನ್ಯ ಮಫ್ಫಿನಷ್ಟು ರಕ್ಷಣೆ ಕೊಡುತ್ತದೆ. ಒಳಗೊಂದು ಪ್ಲಗ್ ತೊಟ್ಟು, ಮೇಲೆ ಇದರ ದನಿಯನ್ನು ಹೆಚ್ಚಿಸಿಕೊಂಡರೆ ಎರಡೂ ಸಾಧಿಸುತ್ತವೆ. ಒಂದು ಕೊರತೆಯನ್ನು ಹೇಳಲೇಬೇಕು: ಸದ್ದು ಯಾವ ದಿಕ್ಕಿನಿಂದ ಬಂತೆಂಬುದು ಬರಿಗಿವಿಯಷ್ಟು ನಿಖರವಾಗಿ ತಿಳಿಯುವುದಿಲ್ಲ. ಹೊಸದಾಗಿ ಕೊಂಡವರು ಹಗಲಿನಲ್ಲಿ ಕೆಲವು ದಿನ ತೊಟ್ಟು ರೂಢಿಮಾಡಿಕೊಂಡ ಮೇಲೆಯೇ ರಾತ್ರಿ ಕಾವಲಿಗೆ ಹೋಗಬೇಕು.

ಕೋವಿ ಹಿಡಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಕಿವಿಯೂ ಕೆಡುತ್ತದೆ; ನಳಿಗೆಯ ಬದಿಯಲ್ಲಿ ನಿಂತವರಿಗೆ ಹಿಡಿದವರಿಗಿಂತ ಜೋರಾಗಿ ಬಡಿಯುವುದೂ ಉಂಟು. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು ಈಡು ಹಾರಿಸುವ ಸಂಪ್ರದಾಯ ಕೊಡವರಲ್ಲಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ನೆರೆಹೊರೆಯ ನಮ್ಮ ಭಕ್ತರೂ ಮಕ್ಕಳೊಡನೆ ನೋಡಲು ಹೋಗುತ್ತಾರೆ. ಮಕ್ಕಳನ್ನು ದೂರದಲ್ಲಿ, ಕೋವಿಯ ಹಿಂಬದಿಗೆ ನಿಲ್ಲಿಸಿ, ಅವರ ತಲೆಯ ಅಳತೆಯ ಮಫ್ಫನ್ನೇ ತೊಡಿಸಬೇಕು; ದೊಡ್ಡವರದು ಸಡಿಲವಾಗಿ ಜಾರುತ್ತದೆ. ಬಸುರಿಯರು ಹತ್ತಿರ ಸುಳಿಯದಿರುವುದೇ ಲೇಸು, ಏಕೆಂದರೆ ತಾಯಿಯ ಕಿವಿಗೆ ತೊಡಿಸಿದ ಸಾಧನ ಹೊಟ್ಟೆಯಲ್ಲಿರುವ ಮಗುವಿನ ಕಿವಿಯನ್ನು ಕಾಯದು.

ಗುಂಡಿನ ಸದ್ದಿನ ನಂತರ ಕಿವಿ ಗುಂಯ್ ಎಂದರೆ, ಹತ್ತಿ ತುಂಬಿದಂತೆ ಮಂದವಾದರೆ, ಕೆಲವರು ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನೋ ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನೋ ಬಿಡುತ್ತಾರೆ. ಖಂಡಿತ ಬಿಡಬಾರದು. ಕಿವಿತಮಟೆ ಹರಿದಿದ್ದರೆ ಎಣ್ಣೆ ನಡುಗಿವಿಗೆ ಇಳಿದು ಸೋಂಕಾಗುತ್ತದೆ. ಹರಿಯದಿದ್ದರೂ ಪೆಟ್ಟು ಬಿದ್ದಿರುವುದು ಎಣ್ಣೆ ಮುಟ್ಟಲಾರದ ಒಳಗಿವಿಗೆ. ಒಂದೆರಡು ದಿನಗಳಲ್ಲಿ ಮಂದತೆ ಇಳಿದರೂ ಹಾನಿಯಾಗಿಲ್ಲವೆಂದು ನಂಬುವಂತಿಲ್ಲ. ಕಿವಿಯಿಂದ ರಕ್ತ ಬಂದರೆ, ತಲೆ ಸುತ್ತಿದರೆ, ಮರುದಿನವೂ ಕೇಳಿಸದಿದ್ದರೆ ತಡಮಾಡದೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಬೇಕು. ಇಂತಹ ಸಂದರ್ಭಗಳಲ್ಲಿ ಅವರು ಕೊಡಬಹುದಾದ ಸ್ಟಿರಾಯ್ಡ್ ಔಷಧಿ ಆರಂಭದ ದಿನಗಳಲ್ಲಿ ಫಲ ಕೊಡುವ ಸಾಧ್ಯತೆ ಹೆಚ್ಚು. ವಾರಗಳು ಕಳೆದ ಮೇಲೆ ಹೋದರೆ ಪ್ರಯೋಜನ ಬಹಳ ಕಡಮೆ.

ಕೋವಿಯೊಡನೆ ಒಡನಾಟವಿರುವವರು ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ. ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆ. ಪರೀಕ್ಷೆಯ ಹಿಂದಿನ ಸಂಜೆಯಿಂದಲೇ ದೊಡ್ಡ ಸದ್ದಿನಿಂದ ದೂರವಿರಬೇಕು. ಇಲ್ಲವಾದರೆ ತಾತ್ಕಾಲಿಕ ಮಂದತೆಯೂ ಶಾಶ್ವತ ಕಿವುಡಿನಂತೆ ಲೆಕ್ಕಕ್ಕೆ ಬರುತ್ತದೆ. ಮೊದಲ ಪರೀಕ್ಷೆಯ ಕಾಗದವನ್ನು ಕಳೆಯದೆ ಇಟ್ಟುಕೊಂಡಿದ್ದು, ಮುಂದಿನ ವರ್ಷ ಹೋಗುವಾಗ ಜೊತೆಗೆ ಒಯ್ಯಬೇಕು. ನಾಲ್ಕು ಸಾವಿರ ಹರ್ಟ್ಸ್‌ನ ಬಳಿ ಗೆರೆ ತಗ್ಗಿದೆಯೇ ಎಂದು ಪರೀಕ್ಷಕರನ್ನು ಕೇಳಿ ತಿಳಿಯಿರಿ. ಸದ್ದಿನ ಪೆಟ್ಟು ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.